ರೋಗಿಯ ಕಸುಬು ಕೇಳಿದ ವೈದ್ಯ

ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಜ್ಜಿನಿ 1700ರಲ್ಲಿ ಕೆಲಸಗಾರರ ಕಾಯಿಲೆಗಳ ಬಗ್ಗೆ ಒಂದು ಗ್ರಂಥ ಪ್ರಕಟಿಸಿದ. ರೋಗಿಯ ಕಸುಬನ್ನೂ ವೈದ್ಯ ವಿಚಾರಿಸಬೇಕೆಂಬುದು ಅವನ ವಾದ. ತಂಬಾಕು ಕೆಲಸಗಾರರಿಗೂ ಅದರಲ್ಲಿ ಒಂದು ಅಧ್ಯಾಯವಿತ್ತು.

ಬೀಡಿ ತಂಬಾಕಿನ ಊರಾದ ನಿಪ್ಪಾಣಿಗೆ ಈ ಮಾತು ಇಂದಿಗೂ ಸಲ್ಲುತ್ತದೆ. ಒದ್ದೆಯಾದ ಹಸಿ ತಂಬಾಕಿನೆಲೆಯ ನಿಕೋಟಿನ್ ಚರ್ಮದ ಮೂಲಕ ರಕ್ತ ಸೇರಿದರೆ ವಾಂತಿ, ತಲೆಸುತ್ತು ಬರುತ್ತದೆ. ಕಸುಬು ಕೇಳದ ವೈದ್ಯ ಅದನ್ನು ಅಜೀರ್ಣವೆಂದುಕೊಳ್ಳಬಹುದು. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳು ಕಬ್ಬಿನ ಸೀಮೆ. ಸಕ್ಕರೆ ಕಾರ್ಖಾನೆಯಲ್ಲಿ ಬೂಷ್ಟು ಹಿಡಿದ ಕಬ್ಬಿನ ಸಿಪ್ಪೆಯ ಧೂಳು ಶ್ವಾಸಕೋಶದ ಉರಿಯೂತ ತರಬಲ್ಲದು.

1946ರಲ್ಲಿ ಭೋರ್ ಸಮಿತಿಯು ವೈದ್ಯ ವಿದ್ಯಾರ್ಥಿಗಳಿಗೆ ರೋಗತಡೆ ಮತ್ತು ಸಾಮಾಜಿಕ ವೈದ್ಯಶಾಸ್ತ್ರದಲ್ಲಿ ಮೂರು ತಿಂಗಳ ತರಬೇತಿ ಸೂಚಿಸಿತು. ಆದರೂ ಔದ್ಯೋಗಿಕ ಆರೋಗ್ಯವು ಎಂಬಿಬಿಎಸ್‌ನಲ್ಲಿ ಸಮುದಾಯ ವೈದ್ಯಶಾಸ್ತ್ರದ ಒಂದು ಭಾಗವಷ್ಟೇ. ಬೆಳಗಾವಿಯ ವೈದ್ಯ ವಿದ್ಯಾರ್ಥಿಗಳು ಈ ಗೋದಾಮು, ಕಾರ್ಖಾನೆಗಳಲ್ಲಿ ಕೆಲವು ದಿನ ಕಲಿತರೆ, ರೋಗಿಯ ಕಸುಬು ಕೇಳುವುದು ಅವರಿಗೆ ರೂಢಿಯಾದೀತು.