ಹೇಮಾವತಿ: ಕಟ್ಟೆಯಿಂದ ಹಿನ್ನೀರಿನವರೆಗೆ

ಹಾಸನ ಜಿಲ್ಲೆಯ ಹೊಳೆ ನೀರಾವರಿ ಹೇಮಾವತಿಯ ಗೊರೂರು ಅಣೆಕಟ್ಟೆಗಿಂತ ಬಹಳ ಹಳೆಯದು. ಹೊಳೆನರಸೀಪುರ ತಾಲ್ಲೂಕಿನಲ್ಲಿ ಹೇಮಾವತಿಗೆ ಕಟ್ಟಿದ ಶ್ರೀರಾಮದೇವರ ಕಟ್ಟೆ, ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿಗೆ ಕಟ್ಟಿದ ಕೃಷ್ಣರಾಜಕಟ್ಟೆ ಮೈಸೂರು ಸಂಸ್ಥಾನದ ಕಾಲದಲ್ಲೇ ಗದ್ದೆಗಳಿಗೆ ನೀರುಣಿಸುತ್ತಿದ್ದವು. ಇಂಥ ಕಟ್ಟೆ ನೀರನ್ನು ಕೂಡಿಡುವುದಿಲ್ಲ. ಹೊಳೆಯ ಮಟ್ಟವನ್ನು ತುಸು ಎತ್ತರಿಸಿ, ದಡದ ತೂಬಿನಿಂದ ನಾಲೆಗೆ ತಿರುಗಿಸುತ್ತದೆ. ಮಿಕ್ಕ ನೀರು ಕಲ್ಲಿನ ನೆತ್ತಿ ದಾಟಿ ತೆಳ್ಳಗೆ ಇಳಿದುಹೋಗುತ್ತದೆ. ಹರಿವನ್ನು ನಿಲ್ಲಿಸದೆ ಬಳಸಿಕೊಂಡ ಈ ಜಾಣತನ ಮೆಚ್ಚತಕ್ಕದ್ದು.

ಗೊರೂರಿನ ಅಣೆಕಟ್ಟೆ 1979ರಲ್ಲಿ ಪೂರ್ಣಗೊಂಡಿತು. ಸುಮಾರು 37 ಟಿಎಂಸಿ ಅಡಿ ನೀರು ಹಿಡಿಯುವ ಈ ಜಲಾಶಯದ ಎಡದಂಡೆ ನಾಲೆ ಚನ್ನರಾಯಪಟ್ಟಣದ ಸೀಮೆ ಹಾದು ತುಮಕೂರಿನತ್ತ ಹೋಗುತ್ತದೆ. ಹಿನ್ನೀರು ಹಳ್ಳಿಗಳನ್ನು ಮುಳುಗಿಸಿತು. ಫ್ರೆಂಚ್ ಮಿಷನರಿಗಳು 19ನೆಯ ಶತಮಾನದಲ್ಲಿ ಕಟ್ಟಿಸಿದ ಶೆಟ್ಟಿಹಳ್ಳಿಯ ರೋಸರಿ ಚರ್ಚ್ ಮಳೆಗಾಲದಲ್ಲಿ ಅರೆಮುಳುಗಿ, ಬೇಸಿಗೆಯಲ್ಲಿ ಚಾವಣಿಯಿಲ್ಲದ ಕಮಾನುಗಳೊಂದಿಗೆ ಬಯಲಾಗುತ್ತದೆ.

ಈ ಚರ್ಚಿನ ಸುತ್ತಲಿನ ನೀರು, ಮೋಡಗಳ ನಿಧಾನ ಚಲನೆಯನ್ನು ದಾಖಲಿಸಲು, ಬಿಡಿ ಚಿತ್ರಗಳನ್ನು ಜೋಡಿಸಿ ಓಡಿಸುವ ಟೈಮ್‌ಲ್ಯಾಪ್ಸ್ ಒಳ್ಳೆಯ ಸಾಧನ. ಮನೆಯಲ್ಲೇ ಜೋಡಿಸಿದ ಹಳಿಯ ಮೇಲೆ ಸಣ್ಣ ಮೋಟಾರು ಕ್ಯಾಮೆರಾವನ್ನು ಸರಿಸುತ್ತಿದ್ದರೆ ಸಾಕು: 5 ಸೆಕೆಂಡಿಗೊಂದರಂತೆ ಗಂಟೆಗೆ 720 ಚಿತ್ರ, ಸೆಕೆಂಡಿಗೆ 24ರಂತೆ ಓಡಿಸಿದರೆ 30 ಸೆಕೆಂಡಿನ ವಿಡಿಯೊ. ಚರ್ಚಿನ ಗೋಡೆಗಳ ಕೆಲವು ಭಾಗ ಈಗಾಗಲೇ ಕುಸಿದಿದೆ. ಉಳಿದದ್ದರ ದಾಖಲೆ ತಡವಾಗಬಾರದು.