ಸಿನಿಮಾ ಹಾಡಿಗೆ ಜಾಝ್ ಬಂದ ದಾರಿ

ಕೊಗನೊಳ್ಳಿ ಟೋಲ್‌ನಾಕಾ ದಾಟಿ ಹೆದ್ದಾರಿ ಹಿಡಿದು ಉತ್ತರಕ್ಕೆ ಹೋದರೆ ಕಾಗಲ್, ಅದರಾಚೆ ಕೊಲ್ಹಾಪುರ. ನಿಪ್ಪಾಣಿ, ಚಿಕ್ಕೋಡಿ ಸೀಮೆಯವರು ದವಾಖಾನೆಗೂ ಅಂಬಾಬಾಯಿಯ ದರ್ಶನಕ್ಕೂ ಹೋಗುವ ಈ ಊರಿನಲ್ಲೇ 1929ರಲ್ಲಿ ಪ್ರಭಾತ್ ಫಿಲ್ಮ್ ಕಂಪನಿ ಹುಟ್ಟಿತು. ಗೋವಿಂದರಾವ್ ಟೆಂಬೆ ಅಲ್ಲಿಗೆ ರಂಗಗೀತೆಯ ಹಾರ್ಮೋನಿಯಂ ತಂದರು. 1933ರಲ್ಲಿ ಕಂಪನಿ ಪುಣೆಗೆ ಹೋದ ಮೇಲೆ ಕೇಶವರಾವ್ ಭೋಳೆ ಪಿಯಾನೊ, ಹವಾಯಿಯನ್ ಗಿಟಾರ್‌ಗಳನ್ನು ಕೂಡಿಸಿದರು. 1937ರ ‘ಕುಂಕೂ’ ಚಿತ್ರದಲ್ಲಿ ಶಾಂತಾ ಆಪ್ಟೆ ಲಾಂಗ್‌ಫೆಲೊನ ಇಂಗ್ಲಿಷ್ ಪದ್ಯವನ್ನೇ ಹಾಡಿದರು.

ವಾದ್ಯಗಳು ಬಂದವು, ಜಾಝ್ ಇನ್ನೂ ಬಂದಿರಲಿಲ್ಲ. ಅದನ್ನು ತಂದವರು ಗೋವಾದವರು. ಅಲ್ಲಿನ ಚರ್ಚ್ ಶಾಲೆಗಳಲ್ಲಿ ಮಕ್ಕಳು ಸ್ಟಾಫ್ ನೊಟೇಶನ್ ಓದಿ ವಯಲಿನ್ ಹಿಡಿಯುತ್ತಿದ್ದರು. ದೊಡ್ಡವರಾದ ಮೇಲೆ ಮುಂಬೈಯ ಹೋಟೆಲುಗಳಲ್ಲಿ ಟ್ರಂಪೆಟ್, ಸ್ಯಾಕ್ಸೊಫೋನ್ ಊದಿ ಹೊಟ್ಟೆ ಹೊರೆಯುತ್ತಿದ್ದರು. 1930ರ ದಶಕದಲ್ಲಿ ತಾಜ್ ಹೋಟೆಲಿಗೆ ಬಂದ ಲಿಯಾನ್ ಆ್ಯಬಿ, ಟೆಡ್ಡಿ ವೆದರ್‌ಫೋರ್ಡ್‌ರಂಥ ಕಪ್ಪು ಅಮೆರಿಕನ್ನರಿಂದ ಅವರ ಕೈಗೆ ಜಾಝಿನ ನಡೆ ಹತ್ತಿತು. ರಾತ್ರಿ ಹೋಟೆಲು, ಹಗಲು ಸ್ಟುಡಿಯೊ. ಚಿಕ್ ಚಾಕೊಲೇಟ್ ಎಂದು ಹೆಸರಾದ ಟ್ರಂಪೆಟ್ ವಾದಕ ಸಂಗೀತ ನಿರ್ದೇಶಕ ಸಿ. ರಾಮಚಂದ್ರರ ಜೊತೆ ದುಡಿದು, 1951ರ ‘ಅಲ್ಬೇಲಾ’ದಲ್ಲಿ ಬ್ಯಾಂಡ್ ಸಮೇತ ತೆರೆಯ ಮೇಲೂ ಬಂದರು.

ನನ್ನ ಮಟ್ಟಿಗೆ ಈ ಕಥೆಯ ನಾಯಕ ಸೆಬಾಸ್ಟಿಯನ್ ಡಿಸೋಜ. ದೇಶ ಒಡೆಯುವ ಮೊದಲು ಲಾಹೋರಿನ ಹೋಟೆಲಿನಲ್ಲಿ ಬ್ಯಾಂಡ್ ನಡೆಸಿದವರು, ಆಮೇಲೆ ಮುಂಬೈಯಲ್ಲಿ ಶಂಕರ್-ಜೈಕಿಶನ್, ಓ. ಪಿ. ನಯ್ಯರ್‌ರ ಅರೇಂಜರ್. ಸಂಗೀತ ನಿರ್ದೇಶಕರು ಧಾಟಿ ಗುನುಗುತ್ತಿದ್ದರು. ಅದನ್ನು ಹಾಳೆಗಿಳಿಸಿ, ವಯಲಿನ್ನುಗಳಿಗೆ ಒಂದು, ಚೆಲ್ಲೊಗೆ ಇನ್ನೊಂದು, ಹಿತ್ತಾಳೆ ವಾದ್ಯಗಳಿಗೆ ಮತ್ತೊಂದು ಸಾಲು ಬರೆದು ಹಂಚುವುದು ಡಿಸೋಜರ ಕೆಲಸ. ಗಾಯಕಿ ಉಸಿರು ತೆಗೆದುಕೊಳ್ಳುವಾಗ ಹಿಂದಿನಿಂದ ಬೇರೊಂದು ರಾಗರೇಖೆ ಏಳುತ್ತದಲ್ಲ, ಆ ಸೊಗಸೇ ಅವರ ಕಸುಬು. ಕೇಳುಗ ಗುನುಗುವುದರಲ್ಲಿ ಅರ್ಧ ಅದೇ ಇರುತ್ತದೆ! ಹೆಸರು ಮಾತ್ರ ಸಂಗೀತ ನಿರ್ದೇಶಕರದು. ವಯಲಿನ್ ಗುರು ಆಂಥನಿ ಗೊನ್ಸಾಲ್ವಿಸ್ 1958ರಲ್ಲಿ ಸಿಂಫನಿ ಆರ್ಕೆಸ್ಟ್ರಾವನ್ನೇ ಕಟ್ಟಿದರೂ, ಜನರ ಬಾಯಿಗೆ ಅವರ ಹೆಸರು ಬಂದದ್ದು 1977ರಲ್ಲಿ, ಶಿಷ್ಯ ಪ್ಯಾರೇಲಾಲ್ ಕೂಡಿಸಿದ ಸಿನಿಮಾ ಹಾಡಿನಿಂದ.

ಕನ್ನಡ ಚಿತ್ರಗಳ ಹಾಡುಗಳು ಆಗ ಬಹುಪಾಲು ಮದರಾಸಿನ ಸ್ಟುಡಿಯೊಗಳಲ್ಲಿ ಮುದ್ರಣವಾಗುತ್ತಿದ್ದವು. 1968ರ ‘ಜೇಡರ ಬಲೆ’ಯಿಂದ ಶುರುವಾದ ರಾಜಕುಮಾರ್ ಪತ್ತೇದಾರಿ ಚಿತ್ರಗಳು ಜಿ. ಕೆ. ವೆಂಕಟೇಶ್‌ರಿಗೆ ಜಾಝ್ ಶೈಲಿಯ ಬಾಗಿಲು ತೆರೆದವು. ‘ಕಸ್ತೂರಿ ನಿವಾಸ’ದ ಸಂಗೀತ ಕೊಟ್ಟವರೇ 1978ರ ‘ಆಪರೇಷನ್ ಡೈಮಂಡ್ ರಾಕೆಟ್’ನಲ್ಲಿ ರಾಜಕುಮಾರ್ ಕಂಠದಿಂದ ಇಂಗ್ಲಿಷ್ ಹಾಡು ಹೊರಡಿಸಿದರು. ಮದರಾಸಿನ ಧನರಾಜ್ ಮಾಸ್ಟರ್ ಬಳಿ ಪಾಶ್ಚಾತ್ಯ ಸಂಗೀತ ಕಲಿತ ಒಬ್ಬ ಗಿಟಾರ್ ವಾದಕ ವೆಂಕಟೇಶ್‌ರ ಸಹಾಯಕನಾಗಿ ಸಾಲು ಸಾಲು ಕನ್ನಡ ಚಿತ್ರಗಳಿಗೆ ದುಡಿದ. 1976ರಲ್ಲಿ ‘ಅನ್ನಕ್ಕಿಳಿ’ ಮಾಡಿ ಆತ ಇಳಯರಾಜ ಎಂದು ಹೆಸರಾದ. ಆ ಕೈ ಪಳಗಿದ್ದು ಕನ್ನಡ ಹಾಡುಗಳ ಮೇಲೆ ಎಂಬುದನ್ನು ನಾವು ಇನ್ನಷ್ಟು ಗಟ್ಟಿಯಾಗಿ ಹೇಳಬೇಕು.

ಜಾಝ್ ತಾನೇ ಕನ್ನಡ ನಾಡಿನ ವಾದಕನನ್ನು ಹುಡುಕಿಕೊಂಡು ಬಂದದ್ದೂ ಉಂಟು. ನಾಗಸ್ವರದ ಮನೆತನದ ಕದ್ರಿ ಗೋಪಾಲನಾಥ್ ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಅದಕ್ಕೆ ಗಮಕ ಕಲಿಸಿದರು. 1980ರ ಮುಂಬೈ ಜಾಝ್ ಉತ್ಸವದಲ್ಲಿ ಅವರನ್ನು ಕೇಳಿದ ಅಮೆರಿಕದ ಜಾಝ್ ವಾದಕ ಜಾನ್ ಹ್ಯಾಂಡಿ ಜೊತೆಗೂಡಿ ನುಡಿಸಿದರು. 1994ರಲ್ಲಿ ಎ. ಆರ್. ರೆಹಮಾನ್‌ರ ‘ಡ್ಯುಯೆಟ್’ ಚಿತ್ರದ ತುಂಬ ಕದ್ರಿಯವರ ಉಸಿರೇ ಇದೆ.

ಅಷ್ಟರಲ್ಲಿ ‘ಪ್ರೇಮಲೋಕ’ 1987ರಲ್ಲಿ ಬಂದು ಹೋಗಿತ್ತು. ಪದ, ಧಾಟಿ, ವಾದ್ಯ ಜೋಡಣೆ ಮೂರನ್ನೂ ಹಂಸಲೇಖ ಒಂದೇ ತಲೆಯಲ್ಲಿ ಹೊತ್ತರು. ಕೀಬೋರ್ಡ್ ಹೆಚ್ಚಿದಂತೆ ಹಾಳೆ ಹಂಚುವ ಅರೇಂಜರ್ ಸ್ಟುಡಿಯೊದಿಂದ ಮರೆಯಾಗುತ್ತ ಬಂದ. ಮದರಾಸಿನಲ್ಲಿ ಕನ್ನಡ ಹಾಡುಗಳಿಗೆ ನುಡಿಸಿದ ವಾದಕರಲ್ಲಿ ಇನ್ನೂ ನಮ್ಮೊಡನಿರುವವರ ಬಳಿ ಹೋಗಿ, ಯಾವ ಹಾಡಿನ ಹಾಳೆ ಯಾರು ಬರೆದದ್ದು ಎಂದು ಕೇಳಿ ದಾಖಲಿಸುವ ಕೆಲಸ ಈಗಲೇ ಶುರುವಾಗಬೇಕು.