ಗರೀಬನಿಗೊಂದು ಹಲಗೆ: ಸಾಲೋಟಗಿಯ ಕಲ್ಲಿನಿಂದ ಬೈನಾದ ತೀರದವರೆಗೆ

ನಮ್ಮ ಮನೆಗಳಲ್ಲಿ ‘ಗರೀಬ’ ಎಂದರೆ ಬಡವ. ಇಂಡಿಯ ಸಂತೆಯಲ್ಲಾಗಲಿ, ಸಿಂದಗಿಯ ಬಸ್ ನಿಲ್ದಾಣದಲ್ಲಾಗಲಿ, ಮುಸ್ಲಿಮರಾಗಲಿ ಅಲ್ಲದವರಾಗಲಿ, ಈ ಪದವನ್ನು ಇದೇ ಅರ್ಥದಲ್ಲಿ ಬಳಸುತ್ತಾರೆ. ಆದರೆ ಅರಬಿ ಭಾಷೆಯಲ್ಲಿ ಇದರ ಮೂಲ ಅರ್ಥ ಬೇರೆ. ತನ್ನ ನಾಡಿನಿಂದ ದೂರವಾದವನು, ಬಂದ ಊರಿನಲ್ಲಿ ಯಾರಿಗೂ ಪರಿಚಯವಿಲ್ಲದವನು ಅಲ್ಲಿ ‘ಗರೀಬ್’. ಬಹಮನಿ ಅರಸರ ಕಾಲದಲ್ಲಿ ಇರಾನ್, ಅರಬಸ್ತಾನ ಮತ್ತು ಮಧ್ಯ ಏಷ್ಯಾದಿಂದ ದಖ್ಖನಿಗೆ ಬಂದವರನ್ನು ಚರಿತ್ರೆಕಾರರು ‘ಗರೀಬ್’ ಎಂದೂ ‘ಆಫಾಕಿ’ ಎಂದೂ ಕರೆದರು. ಅಂದರೆ ಒಂದು ಕಾಲಕ್ಕೆ ಈ ನೆಲದಲ್ಲಿ ಮಂತ್ರಿಗಳೂ ಸೇನಾಪತಿಗಳೂ ಶ್ರೀಮಂತ ವ್ಯಾಪಾರಿಗಳೂ ‘ಗರೀಬ’ರಾಗಿದ್ದರು. ಪರಸ್ಥಳದವನ ಹೆಸರೇ ಬಡವನ ಹೆಸರಾದದ್ದು ವಿಚಿತ್ರವೇನಲ್ಲ. ಗುರುತಿಸುವವರಿಲ್ಲದ ಊರಿನಲ್ಲಿ ಮನುಷ್ಯನು ಎಷ್ಟು ಹಣವಂತನಾಗಿದ್ದರೂ ಬಡವನೇ.

ಪ್ರವಾದಿ(ಸ)ರು ಒಮ್ಮೆ ಇಬ್ನು ಉಮರ್‌(ರ)ರ ಹೆಗಲ ಮೇಲೆ ಕೈಯಿಟ್ಟು, ಈ ಲೋಕದಲ್ಲಿ ಪರಸ್ಥಳದವನಂತೆ ಅಥವಾ ದಾರಿಹೋಕನಂತೆ ಬಾಳಬೇಕೆಂದು ಉಪದೇಶಿಸಿದರು. ಅಲ್ಲಿಯೂ ಬಳಕೆಯಾದ ಪದ ‘ಗರೀಬ್’ ಎಂಬುದೇ. ಇದು ವಿರಕ್ತಿಯ ಪಾಠವೆಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಆದರೆ ಇದರಲ್ಲಿ ಇನ್ನೊಂದು ಪಾಠವೂ ಇದೆ. ತಾನು ಪರಸ್ಥಳದವನೆಂಬುದನ್ನು ಮರೆಯದವನು ಮಾತ್ರ ಮತ್ತೊಬ್ಬ ಪರಸ್ಥಳದವನ ಕಷ್ಟವನ್ನು ಅರಿಯಬಲ್ಲನು. ನಮ್ಮ ಜಿಲ್ಲೆಯ ಚರಿತ್ರೆಯನ್ನು ಈ ದೃಷ್ಟಿಯಿಂದ ಓದಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ: ಹೊರಗಿನಿಂದ ಬಂದವರು ಇಲ್ಲಿ ಬೇರೂರಿದ್ದು, ತಮ್ಮ ಅಕ್ಷರದ ಪಕ್ಕದಲ್ಲಿ ನೆಲದವರ ಅಕ್ಷರಕ್ಕೂ ಸ್ಥಳ ಕೊಟ್ಟಾಗ.

ಮೊದಲು ಇಂಡಿ ತಾಲ್ಲೂಕಿನ ಸಾಲೋಟಗಿಯನ್ನು ನೋಡೋಣ. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಕಾಲದಲ್ಲಿ, ಕ್ರಿ.ಶ. 945ರಲ್ಲಿ, ಅವನ ಮಂತ್ರಿ ನಾರಾಯಣನು ಇಲ್ಲಿ ಒಂದು ವಿದ್ಯಾಶಾಲೆಯನ್ನು ಕಟ್ಟಿಸಿದನು. ಅಲ್ಲಿನ ಕಂಬದ ಶಾಸನ ಹೇಳುವಂತೆ ಬೇರೆ ಬೇರೆ ನಾಡುಗಳಿಂದ ವಿದ್ಯಾರ್ಥಿಗಳು ಈ ಊರಿಗೆ ಬರುತ್ತಿದ್ದರು. ಅವರ ವಾಸಕ್ಕೆ 27 ಮನೆಗಳಿದ್ದವು. ದೀಪದ ಖರ್ಚಿಗೂ ಅಧ್ಯಾಪಕರ ಜೀವನಕ್ಕೂ ಭೂಮಿ ದತ್ತಿಯಾಗಿತ್ತು. ಊರವರು ಮದುವೆ, ಉಪನಯನಗಳ ಸಂದರ್ಭದಲ್ಲಿ ಶಾಲೆಗೆ ಇಂತಿಷ್ಟು ಕಾಣಿಕೆ ಸಲ್ಲಿಸಬೇಕೆಂಬ ಕಟ್ಟಳೆಯೂ ಇತ್ತು. ಹೊರಗಿನಿಂದ ಬಂದ ಮಕ್ಕಳ ಹೊಣೆಯನ್ನು ಊರು ತನ್ನ ಮನೆಯ ಶುಭಕಾರ್ಯದ ಲೆಕ್ಕದಲ್ಲಿ ಸೇರಿಸಿಕೊಂಡಿತ್ತು ಎಂಬುದು ಇದರ ಅರ್ಥ. ಮದೀನಾದ ಮಸ್ಜಿದುನ್ನಬವಿಯ ‘ಸುಫ್ಫಾ’ ಜಗಲಿಯಲ್ಲಿ ಮನೆಮಾರಿಲ್ಲದ ವಿದ್ಯಾರ್ಥಿಗಳಿಗೆ ಆಶ್ರಯವಿತ್ತು, ಅವರ ಊಟದ ಹೊಣೆಯನ್ನು ಊರವರು ಹಂಚಿಕೊಂಡಿದ್ದರು ಎಂಬುದನ್ನು ಬಲ್ಲ ನಮಗೆ ಸಾಲೋಟಗಿಯ ಈ ವ್ಯವಸ್ಥೆ ಅಪರಿಚಿತವೆನಿಸುವುದಿಲ್ಲ.

ಇದೇ ಸಾಲೋಟಗಿಯ ಒಬ್ಬ ಶಿಲ್ಪಿಯ ಹೆಸರು ವಿಜಯಪುರದ ಅತ್ಯಂತ ಹಳೆಯ ಮಸೀದಿಗಳಲ್ಲೊಂದರ ಕಲ್ಲಿನ ಮೇಲಿದೆ. ಕೋಟೆಯೊಳಗಿನ ಅರಕಿಲ್ಲೆಯಲ್ಲಿರುವ ಕರೀಮುದ್ದೀನ್ ಮಸೀದಿ ಹಿಜರಿ 720ರಲ್ಲಿ, ಅಂದರೆ ಕ್ರಿ.ಶ. 1320ರಲ್ಲಿ, ನಿರ್ಮಾಣವಾಯಿತು. ಆಗ ಆದಿಲ್‌ಶಾಹಿ ಮನೆತನ ಹುಟ್ಟಿರಲಿಲ್ಲ, ಬಹಮನಿ ರಾಜ್ಯವೂ ಇರಲಿಲ್ಲ. ದೆಹಲಿ ಸುಲ್ತಾನರ ಅಧಿಕಾರ ಈ ಭಾಗಕ್ಕೆ ಆಗಷ್ಟೇ ಕಾಲಿಟ್ಟಿತ್ತು. ಮಸೀದಿಯಲ್ಲಿ ಫಾರಸಿ ಶಾಸನವೊಂದಿದೆ. ಅದರ ಜೊತೆಗೆ ನಾಗರಿ ಲಿಪಿಯ ಶಾಸನವೂ ಇದೆ. ನಾಗರಿ ಶಾಸನವು ಶಕವರ್ಷ 1242ನ್ನು ನಮೂದಿಸಿ, ಮಸೀದಿಯನ್ನು ಕಟ್ಟಿದವನು ಸಾಲೋಟಗಿಯ ರೇವಯ್ಯನೆಂದು ತಿಳಿಸುತ್ತದೆ.

ಇಲ್ಲಿ ಎರಡು ಮಾತುಗಳನ್ನು ಒಟ್ಟಿಗೆ ಹೇಳಬೇಕು. ಈ ಮಸೀದಿಯಲ್ಲಿ ಹಳೆಯ ದೇವಾಲಯಗಳ ಕಂಬಗಳು ಬಳಕೆಯಾಗಿವೆ. ಅದು ಯುದ್ಧದ ಕಾಲ. ಆ ಕಾಲದ ನೋವನ್ನು ಮರೆಮಾಚುವುದು ಸತ್ಯನಿಷ್ಠೆಗೆ ತಕ್ಕುದಲ್ಲ. ಅದೇ ಕಲ್ಲು ಇನ್ನೊಂದು ಸಂಗತಿಯನ್ನೂ ನುಡಿಯುತ್ತದೆ. ಹೊಸದಾಗಿ ಬಂದ ಅಧಿಕಾರವು ಫಾರಸಿಯಲ್ಲಿ ಮಾತ್ರ ಬರೆಸಿ ಸುಮ್ಮನಾಗಬಹುದಿತ್ತು. ಹಾಗೆ ಮಾಡಿದ್ದರೆ ಅದನ್ನು ಓದಬಲ್ಲವರು ಊರಿನಲ್ಲಿ ಬೆರಳೆಣಿಕೆಯಷ್ಟು ಮಂದಿ ಇರುತ್ತಿದ್ದರು. ನೆಲದವರು ಓದಬಲ್ಲ ಲಿಪಿಯಲ್ಲಿ, ನೆಲದವರ ಶಕವರ್ಷದಲ್ಲಿ, ನೆಲದವನೇ ಆದ ಕುಶಲಕರ್ಮಿಯ ಹೆಸರನ್ನು ಕೊರೆಯಿಸಿದ್ದರಿಂದ ಮಾತುಕತೆಗೆ ಒಂದು ಬಾಗಿಲು ತೆರೆಯಿತು. ಕಟ್ಟಿಸಿದವನ ಹೆಸರಿನಷ್ಟೇ ಕಾಲ ಕಟ್ಟಿದವನ ಹೆಸರೂ ಉಳಿಯಿತು.

ಆ ಬಾಗಿಲು ಯಾವಾಗಲೂ ತೆರೆದಿರಲಿಲ್ಲ ಎಂಬುದಕ್ಕೂ ಚರಿತ್ರೆಯಲ್ಲಿ ಸಾಕ್ಷಿಯಿದೆ. ಬಹಮನಿ ರಾಜ್ಯದಲ್ಲಿ ಮೊದಲೇ ನೆಲೆಸಿದ್ದ ‘ದಖನಿ’ಗಳಿಗೂ ಹೊಸದಾಗಿ ಬಂದ ‘ಆಫಾಕಿ’ಗಳಿಗೂ ನಡುವೆ ವೈಷಮ್ಯ ಬೆಳೆಯಿತು. ಇಬ್ಬರೂ ಮುಸ್ಲಿಮರೇ, ಒಂದೇ ಕಿಬ್ಲಾದ ಕಡೆಗೆ ನಿಂತು ನಮಾಝ್ ಮಾಡುವವರೇ. ಆದರೂ ಹಳಬರು ಹೊಸಬರನ್ನು ಸಹಿಸಲಿಲ್ಲ, ಹೊಸಬರು ಹಳಬರನ್ನು ಕೀಳಾಗಿ ಕಂಡರು. ಇರಾನಿನ ಗೀಲಾನದಿಂದ ಬಂದು ರಾಜ್ಯದ ಮಂತ್ರಿಯಾಗಿ, ಬೀದರಿನಲ್ಲಿ ಮದ್ರಸಾ ಕಟ್ಟಿಸಿದ ಮಹಮೂದ್ ಗಾವಾನ್ ಈ ಕಲಹಕ್ಕೆ ಬಲಿಯಾದನು. ವಿರೋಧಿಗಳು ಸೃಷ್ಟಿಸಿದ ಸುಳ್ಳು ಪತ್ರವೊಂದನ್ನು ನಂಬಿ ಸುಲ್ತಾನನು 1481ರಲ್ಲಿ ಅವನ ಶಿರಚ್ಛೇದ ಮಾಡಿಸಿದನು. ಆ ಬಳಿಕ ರಾಜ್ಯ ಚೇತರಿಸಿಕೊಳ್ಳಲಿಲ್ಲ. ಒಂದೊಂದು ಪ್ರಾಂತವೂ ಕೈಬಿಟ್ಟಿತು. ಅದರ ಒಂದು ತುಂಡೇ ಯೂಸುಫ್ ಆದಿಲ್ ಶಾಹನ ಬಿಜಾಪುರ. ‘ನಮ್ಮವರು’, ‘ಹೊರಗಿನವರು’ ಎಂಬ ಭೇದ ಒಂದು ರಾಜ್ಯವನ್ನೇ ನುಂಗಬಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಆದಿಲ್‌ಶಾಹಿ ಅರಸರು ಈ ಪಾಠವನ್ನು ಎಡವುತ್ತಾ ಕಲಿತರು. ಒಂದನೆಯ ಇಬ್ರಾಹಿಮನು (1534–1558) ಆಡಳಿತದ ಲೆಕ್ಕಪತ್ರಗಳನ್ನು ಫಾರಸಿಯಿಂದ ದೇಶಭಾಷೆಗೆ ಬದಲಿಸಿದನೆಂದು ಚರಿತ್ರೆಕಾರ ಫಿರಿಶ್ತಾ ಬರೆದಿದ್ದಾನೆ. ಆದರೆ ಅದೇ ಅರಸನು ಆಫಾಕಿಗಳಲ್ಲಿ ಹೆಚ್ಚಿನವರನ್ನು ಕೆಲಸದಿಂದ ತೆಗೆದುಹಾಕಿದನು. ಒಂದು ಭಾಷೆಗೆ ಗೌರವ ಕೊಡಲು ಇನ್ನೊಂದು ಗುಂಪಿನ ಮನುಷ್ಯರನ್ನು ಹೊರಹಾಕಬೇಕೇ ಎಂಬ ಪ್ರಶ್ನೆ ಆಗಲೇ ಎದ್ದಿತ್ತು. ಇದನ್ನು ಬರೆದ ಫಿರಿಶ್ತಾನೂ ಒಬ್ಬ ಗರೀಬನೇ. ಕ್ಯಾಸ್ಪಿಯನ್ ಸಮುದ್ರದ ಬಳಿಯ ಅಸ್ತರಾಬಾದಿನಲ್ಲಿ ಹುಟ್ಟಿ, 1589ರಲ್ಲಿ ಬಿಜಾಪುರಕ್ಕೆ ಬಂದು, ಎರಡನೆಯ ಇಬ್ರಾಹಿಮನ ಆಶ್ರಯದಲ್ಲಿ ಈ ನೆಲದ ಚರಿತ್ರೆಯನ್ನು ಬರೆದವನು. ಕಾಲಕ್ರಮದಲ್ಲಿ ಒಂದು ಮಧ್ಯಮಾರ್ಗ ರೂಪುಗೊಂಡಿತು: ಒಂದೇ ಕಾಗದದ ಮೇಲೆ ಫಾರಸಿಯನ್ನೂ ಮರಾಠಿಯನ್ನೂ ಬರೆದ ದ್ವಿಭಾಷಾ ಪತ್ರಗಳು ಆ ಕಾಲದಿಂದ ಇಂದಿಗೂ ಉಳಿದಿವೆ. ಅರಸನ ಆಜ್ಞೆ ಹಳ್ಳಿಯ ಗೌಡನಿಗೂ ಕುಲಕರ್ಣಿಗೂ ಅರ್ಥವಾಗದಿದ್ದರೆ ಅದು ಆಜ್ಞೆಯೇ ಅಲ್ಲ ಎಂಬ ವಿವೇಕ ಅದರಲ್ಲಿದೆ.

ಅರಮನೆಯ ಕಾಗದಕ್ಕಿಂತ ಆಳವಾದ ಕೆಲಸ ನಡೆದದ್ದು ಮನೆಗಳ ಒಳಗೆ. ಬಿಜಾಪುರದ ಸೂಫಿಗಳಲ್ಲಿ ಹಲವರು ಫಾರಸಿಯ ಪ್ರತಿಷ್ಠೆಯನ್ನು ಬದಿಗಿಟ್ಟು ದಖನಿಯಲ್ಲಿ ಬರೆದರು. ಹೆಂಗಸರು ಬೀಸುವಾಗ ಹಾಡಲು ‘ಚಕ್ಕಿನಾಮಾ’, ನೂಲುವಾಗ ಹಾಡಲು ‘ಚರಖಾನಾಮಾ’ ಎಂಬ ಹಾಡುಗಳು ಹುಟ್ಟಿದವು. ತೌಹೀದಿನ ತತ್ತ್ವ ಬೀಸುಕಲ್ಲಿನ ಸದ್ದಿನ ಜೊತೆ ಮಕ್ಕಳ ಕಿವಿಗೆ ಬಿದ್ದಿತು. ಬಸವನ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು 12ನೆಯ ಶತಮಾನದಲ್ಲೇ ಧರ್ಮದ ಮಾತನ್ನು ಜನರಾಡುವ ಕನ್ನಡದಲ್ಲಿ ನುಡಿದ ನೆಲವಿದು. ಅಂತಹ ನೆಲದಲ್ಲಿ ನೆಲೆಸಿದ ಸೂಫಿಗಳೂ ಜನರ ನಾಲಿಗೆಯನ್ನೇ ಆರಿಸಿಕೊಂಡರು. ಪ್ರತಿಯೊಬ್ಬ ಸಂದೇಶವಾಹಕನನ್ನೂ ಅವನ ಜನರ ಭಾಷೆಯಲ್ಲಿಯೇ ಕಳುಹಿಸಲಾಯಿತೆಂದು ಪವಿತ್ರ ಕುರ್‌ಆನಿನ ‘ಇಬ್ರಾಹೀಮ್’ ಅಧ್ಯಾಯ ತಿಳಿಸುತ್ತದೆ. ಭಾಷೆಗಳ ಹಾಗೂ ಬಣ್ಣಗಳ ವೈವಿಧ್ಯವನ್ನು ‘ರೂಮ್’ ಅಧ್ಯಾಯವು ಅಲ್ಲಾಹನ ‘ಆಯತ್’ಗಳಲ್ಲಿ ಎಣಿಸುತ್ತದೆ. ಆಯತ್ ಎಂದರೆ ಗುರುತು, ಕುರುಹು. ಹಾಗಾದರೆ ಬೀದಿಯ ಹಲಗೆಯ ಮೇಲೆ ಅಕ್ಕಪಕ್ಕ ನಿಂತ ಎರಡು ಲಿಪಿಗಳೂ ಯೋಚಿಸಬಲ್ಲವನಿಗೆ ಒಂದು ಕುರುಹೇ.

ಇದರ ಫಲ 20ನೆಯ ಶತಮಾನದಲ್ಲಿಯೂ ಕಾಣಿಸಿತು. ಇಂಡಿ ತಾಲ್ಲೂಕಿಗೆ ಸೇರಿದ್ದ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಮೊದಲಾದವರು ಸೇರಿ ಹಳ್ಳಿಯ ಹೆಂಗಸರ ಹಾಡುಗಳನ್ನು ಸಂಗ್ರಹಿಸಿದರು. 1931ರಲ್ಲಿ ಪ್ರಕಟವಾದ ‘ಗರತಿಯ ಹಾಡು’ ಕನ್ನಡ ಜಾನಪದಕ್ಕೆ ಹೊಸ ದಾರಿ ತೋರಿದ ಗ್ರಂಥ. ಈ ‘ಹಲಸಂಗಿ ಗೆಳೆಯರ’ ಬಳಗದಲ್ಲಿ ಪಿ. ಧೂಲಾಸಾಹೇಬರೂ ಇದ್ದರು. ಚಕ್ಕಿನಾಮಾದ ನಾಡಿನ ಮುಸ್ಲಿಮರೊಬ್ಬರು ಕನ್ನಡದ ಬೀಸುವ ಹಾಡುಗಳನ್ನು ಉಳಿಸಿದ ಬಳಗದ ಜೊತೆ ನಿಂತರು. ಗರೀಬರಾಗಿ ಬಂದವರ ಹಾದಿ ಎಲ್ಲಿಗೆ ತಲುಪಿತೆಂದು ಕೇಳುವವರಿಗೆ ಇದೊಂದು ಉತ್ತರ.

ಈಗ ಕಾಲ ತಿರುಗಿದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಿಂದ ಮಳೆ ಕೈಕೊಟ್ಟ ವರ್ಷಗಳಲ್ಲಿ ‘ದುಡಿಯಾಕ’ ಹೊರಡುವವರು ನಮ್ಮವರೇ. ಸೊಲ್ಲಾಪುರ, ಪುಣೆ, ಮುಂಬೈ, ಗೋವಾಗಳಲ್ಲಿ ಅವರು ಗರೀಬರು, ಪದದ ಎರಡೂ ಅರ್ಥಗಳಲ್ಲಿ. ಗೋವಾದ ವಾಸ್ಕೋ ಪಟ್ಟಣದ ಅಂಚಿನ ಬೈನಾ, ಅಲ್ಲಿಗೆ ಸಮೀಪದ ಜುವಾರಿನಗರ ಮುಂತಾದ ಬಡಾವಣೆಗಳಲ್ಲಿ ಉತ್ತರ ಕರ್ನಾಟಕದ ಸಾವಿರಾರು ಕುಟುಂಬಗಳು ನೆಲೆಸಿದವು. ಬಂದರಿನಲ್ಲಿ, ಕಾರ್ಖಾನೆಗಳಲ್ಲಿ, ಕಟ್ಟಡಗಳಲ್ಲಿ ದುಡಿದರು. ಮಕ್ಕಳಿಗೆ ಅಲ್ಲಿ ಕನ್ನಡ ಶಾಲೆಗಳೂ ಬಂದವು. ಘಟ್ಟದ ಮೇಲಿನವರೆಂಬ ಅರ್ಥದ ‘ಘಾಟಿ’ ಎಂಬ ಮಾತು ಅಲ್ಲಿ ಅವರಿಗೆ ಬೈಗುಳವೂ ಆಯಿತು. 2004ರ ಜೂನ್ ತಿಂಗಳಲ್ಲಿ, ಮಳೆಗಾಲದ ಹೊಸ್ತಿಲಲ್ಲಿ, ಬೈನಾ ಕಡಲತೀರದ ಮನೆಗಳನ್ನು ಕೆಡವಿದಾಗ ಬೀದಿಗೆ ಬಿದ್ದವರಲ್ಲಿ ದೊಡ್ಡ ಪಾಲು ಕನ್ನಡಿಗರದಾಗಿತ್ತು. ಅವರಲ್ಲಿ ಹಿಂದೂ ಯಾರು, ಮುಸ್ಲಿಮ್ ಯಾರು ಎಂದು ಮಳೆ ಕೇಳಲಿಲ್ಲ.

ದೂರದ ಊರಿನ ಬಡಾವಣೆಯಲ್ಲಿ ಅಂಗಡಿಯ ಮೇಲೆ ಕನ್ನಡದ ಒಂದು ಸಾಲು ಕಂಡಾಗ ಅಲ್ಲಿನ ನಮ್ಮವರಿಗೆ ಆಗುವ ನೆಮ್ಮದಿಯನ್ನು ವಿವರಿಸಬೇಕಿಲ್ಲ. ನಿನ್ನನ್ನೂ ಇಲ್ಲಿ ಲೆಕ್ಕಕ್ಕೆ ಹಿಡಿದಿದ್ದಾರೆ ಎಂದು ಆ ಸಾಲು ಹೇಳುತ್ತದೆ. ಆದರೆ ಅದೇ ನೆಮ್ಮದಿಯನ್ನು ನಾವು ನಮ್ಮ ಊರಿನಲ್ಲಿ ಇತರರಿಗೆ ಕೊಡುತ್ತಿದ್ದೇವೆಯೇ? ಹಲಗೆಯ 60 ಶೇಕಡಾ ಭಾಗ ಕನ್ನಡದಲ್ಲಿರಬೇಕೆಂದು 2024ರಲ್ಲಿ ಕರ್ನಾಟಕದ ವಿಧಾನಮಂಡಲ ಕಾನೂನನ್ನು ತಿದ್ದಿತು. ಇದನ್ನು ದಂಡದ ಭಯದಿಂದ ಪಾಲಿಸುವುದು ಒಂದು ಬಗೆ. 1320ರ ಕಲ್ಲಿನಂತೆ, ನೆರೆಯವನು ಓದಲಿ ಎಂಬ ಬಯಕೆಯಿಂದ ಬರೆಯುವುದು ಇನ್ನೊಂದು ಬಗೆ.

ನಮ್ಮ ಎಷ್ಟೋ ಮಸೀದಿ, ಮದ್ರಸಾ, ಖಬರಸ್ಥಾನಗಳ ಹಲಗೆಗಳು ಇಂದಿಗೂ ಉರ್ದುವಿನಲ್ಲಿ ಮಾತ್ರ ಇವೆ. ಕನ್ನಡ ಶಾಲೆಯಲ್ಲಿ ಕಲಿತ ನಮ್ಮ ಮಕ್ಕಳಲ್ಲಿ ಹಲವರಿಗೆ ತಮ್ಮ ಅಜ್ಜನ ಗೋರಿಯ ಕಲ್ಲನ್ನು ಓದಲು ಬರುವುದಿಲ್ಲ. ಪಕ್ಕದ ಮನೆಯವರಿಗೆ ಇದು ದರ್ಗಾವೋ ಶಾಲೆಯೋ ತಿಳಿಯುವುದಿಲ್ಲ. ತಿಳಿಯದಿರುವಲ್ಲಿ ಸಂಶಯ ಸುಲಭವಾಗಿ ಮನೆ ಮಾಡುತ್ತದೆ. ಉರ್ದು ನಮ್ಮ ಅಜ್ಜಿಯರ ಭಾಷೆ. ಅದನ್ನು ಅಳಿಸಬೇಕೆಂದು ಯಾರೂ ಹೇಳಬೇಕಾಗಿಲ್ಲ. ಅದರ ಪಕ್ಕದಲ್ಲಿ ಕನ್ನಡದ ಸಾಲೊಂದಿದ್ದರೆ ಉರ್ದು ಕಿರಿದಾಗುವುದಿಲ್ಲ, ಅದರ ಅರ್ಥ ಮಾತ್ರ ಹಿರಿದಾಗುತ್ತದೆ. ಬೇರೆ ಸಮುದಾಯದೊಡನೆ ಪತ್ರವ್ಯವಹಾರ ನಡೆಸಲು ಅವರ ಲಿಪಿಯನ್ನು ಕಲಿಯುವಂತೆ ಪ್ರವಾದಿ(ಸ)ರು ಝೈದ್ ಬಿನ್ ಸಾಬಿತ್‌(ರ)ರಿಗೆ ಆಜ್ಞಾಪಿಸಿದ್ದರು; ಅವರು ಕೆಲವೇ ದಿನಗಳಲ್ಲಿ ಅದನ್ನು ಕಲಿತರು. ಲಿಪಿ ಕಲಿಯುವುದು ಸುನ್ನತ್ತಿಗೆ ದೂರವಾದ ಕೆಲಸವಲ್ಲ.

ಆದ್ದರಿಂದ ಪ್ರತಿ ಜಮಾಅತ್ತೂ ಒಂದು ಶುಕ್ರವಾರ ತನ್ನ ಹಲಗೆಗಳನ್ನು ನೋಡಿಕೊಳ್ಳಲಿ. ಮಸೀದಿಯ ಹೆಸರು, ನಮಾಝಿನ ವೇಳೆ, ಖಬರಸ್ಥಾನದ ಸೂಚನೆಗಳು ಕನ್ನಡದಲ್ಲೂ ಇರಲಿ. ಉತ್ತರ ಭಾರತದಿಂದ ಬಂದ ಕಾರ್ಮಿಕರು ಇರುವ ಕಡೆ ಅವರಿಗಾಗಿ ಒಂದು ಸಾಲು ಹಿಂದಿಯೂ ಇರಲಿ. ಅವರು ನಮ್ಮ ಊರಿನ ಗರೀಬರು. ಕಟ್ಟಿಸಿದವರ ಹೆಸರನ್ನು ಕೊರೆಯಿಸುವಾಗ ಕಟ್ಟಿದ ಮೇಸ್ತ್ರಿಯ ಹೆಸರನ್ನೂ ಕೆಳಗೆ ಬರೆಯಿಸಲಿ. ಏಳು ಶತಮಾನಗಳ ಹಿಂದೆ ಸಾಲೋಟಗಿಯ ರೇವಯ್ಯನಿಗೆ ಸಂದ ಆ ಗೌರವ ಇಂದಿನ ಮೇಸ್ತ್ರಿಗೂ ಸಲ್ಲಬೇಕು.

ಹೊರಗೆ ದುಡಿಯುತ್ತಿರುವ ನಮ್ಮವರನ್ನು ಅಲ್ಲಾಹನು ಕಾಪಾಡಲಿ. ನಮ್ಮ ಊರಿಗೆ ಬಂದವರಿಗೆ ಅನ್ಸಾರರಂತೆ ನಡೆದುಕೊಳ್ಳುವ ಮನಸ್ಸನ್ನು ನಮಗೆ ಅನುಗ್ರಹಿಸಲಿ. ಆಮೀನ್.